ಬಾಗಿಲ ಬಳಿಯ ಬೆಂಚಿಗೆ ಕೆಂಪು ಚೀಟಿ

ಸರಬರಾಜು ವಿಭಾಗಕ್ಕೆ ಲೀನ್ ಪದ್ಧತಿ, ಅಂದರೆ ಬೇಡದ್ದನ್ನೆಲ್ಲ ತೆಗೆದು ತೆಳ್ಳಗಾಗುವ ಪದ್ಧತಿ, ತರಲು ದಯಮಾಡಿಸಿರುವ ಅಧಿಕಾರಿಗಳಿಗೆ, ಎಲ್ಲರೂ ಓದಲಿ ಎಂದು ಲೋಡಿಂಗ್ ಬಾಗಿಲಿನ ಪಕ್ಕದ ಗೋಡೆಗೆ ಅಂಟಿಸಿದ ಪತ್ರ. ತಾರೀಖು ೧೭, ಮಂಗಳವಾರ.

ಮಾನ್ಯರೇ,

ಮೊದಲಿಗೆ ನಮಸ್ಕಾರ. ‘ಮಾನ್ಯರೇ’ ಎನ್ನುವುದು ನನ್ನ ಸೊಸೆ ಹಾಕಿಸಿದ ಮಾತು. ನಾನು ಮೊದಲು ಬರೆದದ್ದನ್ನು ಅವಳು ಹೊಡೆದುಹಾಕಿ, ಮಾವ, ಇದನ್ನು ಗೋಡೆಗೆ ಅಂಟಿಸೋಕಾಗಲ್ಲ ಅಂದಳು. ಬರೆಯುವ ಕಾಟ ತಪ್ಪಲಿ ಎಂದೇ ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಮೂಟೆ ಹೊರಲು ಬಂದವನು ನಾನು. ಈ ಕಂಪನಿಯಲ್ಲಿ ಮೂವತ್ತೊಂದು ವರ್ಷ, ಅದರಲ್ಲಿ ಇಪ್ಪತ್ತು ವರ್ಷ ಸ್ಟೋರ್ ಕೀಪರ್ ಆಗಿ, ಬಂದ ಮಾಲಿಗೆ ರುಜು ಹಾಕಿದ್ದು ಬಿಟ್ಟರೆ ಪೆನ್ನು ಹಿಡಿದವನಲ್ಲ. ಈಗ ತಾವು ಬಂದು, ಪ್ರತಿಯೊಬ್ಬರೂ ವಾರಕ್ಕೊಂದು ಸುಧಾರಣಾ ಸಲಹೆ ಬರೆದು ಕೊಡಲೇಬೇಕು, ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ ಎಂದಿರಿ. ತಾವು ಕೊಟ್ಟ ಫಾರಮಿನಲ್ಲಿ ನಾಲ್ಕೇ ಗೆರೆ ಇದೆ. ನನ್ನ ಸಿಟ್ಟು ಅಷ್ಟರಲ್ಲಿ ಹಿಡಿಸುವುದಿಲ್ಲ.

ತಮ್ಮ ಉಪಕಾರವನ್ನು ಮರೆತವನಲ್ಲ. ಗೋಡೆಯ ಹಲಗೆಯ ಮೇಲೆ ಸುತ್ತಿಗೆಯ ಆಕಾರ ಬರೆಸಿ ಅಲ್ಲೇ ಸುತ್ತಿಗೆ ತೂಗುಹಾಕಿಸಿದ ಮೇಲೆ ಅದನ್ನು ಹುಡುಕುವುದು ತಪ್ಪಿತು. ಸುಳ್ಳು ಯಾಕೆ ಹೇಳಲಿ. ಕೆಲಸದಲ್ಲಿ ಏಳು ಬಗೆಯ ವ್ಯರ್ಥ ಇರುತ್ತದೆ, ಅದರಲ್ಲಿ ಕಾಯುವುದೂ ಒಂದು, ಅದನ್ನು ಬೇರುಸಹಿತ ಕೀಳಬೇಕು ಎಂದು ತಾವು ಎರಡೂವರೆ ಗಂಟೆ ವಿವರಿಸಿದ್ದನ್ನು ನಾವು ನಲವತ್ತು ಜನ, ಅದು ಯಾವಾಗ ಮುಗಿಯುತ್ತದೋ ಎಂದು ಕಾಯುತ್ತಾ, ನಿಂತೇ ಕೇಳಿದೆವು.

ಆಮೇಲೆ ತಾವು ಲೋಡಿಂಗ್ ಬಾಗಿಲಿಗೆ ಬಂದು, ಲಾರಿ ಡ್ರೈವರುಗಳು ಕೂರುವ ಮರದ ಬೆಂಚನ್ನು ಕಂಡು, ಕಾಯುವುದಕ್ಕೆ ಇದೇ ಮೂಲ ಎಂದು ತೀರ್ಮಾನಿಸಿ, ಅದಕ್ಕೆ ‘ಬೇಡದ ವಸ್ತು’ ಎನ್ನುವ ಕೆಂಪು ಚೀಟಿ ಹಚ್ಚಿ ಗುಜರಿ ಅಂಗಳಕ್ಕೆ ಸಾಗಿಸಿದಿರಿ. ಬೆಂಚು ಇದ್ದ ಜಾಗದಲ್ಲಿ ಹಳದಿ ಗೆರೆಯ ಚೌಕ ಹೊಡೆಸಿ, ‘ಈ ಜಾಗ ಖಾಲಿ ಇರತಕ್ಕದ್ದು’ ಎಂದು ಬರೆಸಿದಿರಿ. ಏನೂ ಇಡಬಾರದೆನ್ನುವುದಕ್ಕೂ ಒಂದು ಜಾಗ ಮಾಡಿಕೊಟ್ಟ ತಮ್ಮ ಬುದ್ಧಿಗೆ ಏನು ಹೇಳಲಿ. ಆದರೆ ಬೆಂಚು ಹೋದರೂ ಕಾಯುವುದು ಹೋಗಲಿಲ್ಲ. ಡ್ರೈವರುಗಳು ಈಗಲೂ ಅಷ್ಟೇ ಹೊತ್ತು ಕಾಯುತ್ತಾರೆ. ಲಾರಿಯ ಗಾಜು ಏರಿಸಿಕೊಂಡು ಒಳಗೆ ಕಾಯುತ್ತಾರೆ, ಅಷ್ಟೇ.

ಆ ಬೆಂಚಿನಿಂದ ಏನಾಗುತ್ತಿತ್ತು ಎಂದು ತಾವು ಯಾರನ್ನೂ ಕೇಳಲಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ಡ್ರೈವರು ನಿಂತಿದ್ದರೆ ರುಜು ಕೇಳುತ್ತಾನೆ, ಕೂತರೆ ಸುದ್ದಿ ಹೇಳುತ್ತಾನೆ. ಯಾವ ಸೇತುವೆ ರಿಪೇರಿಗೆ ಮುಚ್ಚುತ್ತದೆ, ಯಾವ ಕಾರ್ಖಾನೆಯ ಮಿಷನ್ನು ಕೆಮ್ಮುತ್ತಿದೆ, ಎಲ್ಲಾ ನನಗೆ ನಾಲ್ಕು ದಿನ ಮುಂಚೆ ಗೊತ್ತಾಗುತ್ತಿದ್ದದ್ದು ಆ ಆರಡಿ ಹಲಗೆಯ ಮೇಲೆ. ಹತ್ತು ದಿನದ ಮಾಲು ಇಡುವ ಕಡೆ ಎರಡೇ ದಿನದ್ದು ಸಾಕು ಎಂದು ತಾವು ಹೇಳುತ್ತೀರಿ, ಒಪ್ಪಿದೆ. ಹಾಗೆ ತೆಳ್ಳಗೆ ಬದುಕುವವನಿಗೆ ನಾಳೆಯ ಸುದ್ದಿ ಇವತ್ತೇ ಬೇಕಲ್ಲವೇ?

ಹೋದ ಮಂಗಳವಾರ ಆಗಿದ್ದನ್ನು ನೆನಪಿಸುವ ಧೈರ್ಯ ಮಾಡುತ್ತೇನೆ. ಬಾಟಲಿಯ ಮುಚ್ಚಳದ ಲಾರಿ ಹೊತ್ತಿಗೆ ಸರಿಯಾಗಿ ಬರಲಿಲ್ಲ. ನೆಲ ಒರೆಸುವ ದ್ರಾವಣ ತುಂಬಿಸಿಕೊಂಡ ಮೂರು ಸಾವಿರ ಬಾಟಲಿಗಳು ಬಾಯಿ ತೆರೆದುಕೊಂಡು ನಿಂತವು, ಅವುಗಳ ಎದುರು ಕೆಲಸದವರೂ ಹಾಗೇ ನಿಂತರು. ತಾವು ಹನ್ನೊಂದು ಗಂಟೆಯಿಂದ ಬಾಗಿಲಲ್ಲಿ ನಿಂತು ರಸ್ತೆ ನೋಡಿದಿರಿ. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದಿರಿ, ಗೋಡೆಗೆ ಒರಗಿದಿರಿ. ಎರಡು ಗಂಟೆಗೆ, ಲೋಡಿಂಗ್ ಮಾಡುವ, ನಾವೆಲ್ಲಾ ಅಕ್ಕ ಎನ್ನುವ ಹೆಂಗಸು ನೋಡಲಾರದೆ ಒಂದು ಖಾಲಿ ಕ್ರೇಟು ಎಳೆದು ಬೋರಲು ಹಾಕಿದಳು. ತಾವು ಕೂತಿರಿ. ಸರಿಯಾಗಿ ಹಳದಿ ಚೌಕದ ನಡುವೆ.

ಮೂರು ಗಂಟೆಗೆ ಮುಚ್ಚಳ ಬಂತು. ತಂದವನು, ಬಾಯಿ ಮುಚ್ಚದ ಕಾರಣಕ್ಕೆ ನಾವು ರೇಡಿಯೊ ಎಂದು ಕರೆಯುವ ಡ್ರೈವರು. ತಾವು ಕೂತಿದ್ದು ಕಂಡು ಅವನೂ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಮುಚ್ಚಳದ ಕಾರ್ಖಾನೆಯಲ್ಲಿ ಅಚ್ಚು ಬಿರುಕುಬಿಟ್ಟಿದ್ದನ್ನು ಶನಿವಾರ ಇಲ್ಲಿಗೆ ಬರುವ ಮೊದಲೇ ಕಣ್ಣಾರೆ ಕಂಡಿದ್ದೆ ಎಂದ. ಹಾಗಾದರೆ ಅವತ್ತೇ ಯಾಕೆ ಹೇಳಲಿಲ್ಲ ಎಂದು ತಾವು ಗದರಿದಿರಿ.

“ಎಲ್ಲಿ ಕೂತು ಹೇಳ್ಲಿ ಸಾರ್?” ಅಂದ.

ಅಷ್ಟಕ್ಕೇ ನಿಲ್ಲಿಸುವ ಪೈಕಿ ಅಲ್ಲ ಅವನು. ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆ ಬರುವ ಸೋಮವಾರದಿಂದ ನಾಲ್ಕು ದಿನ ಮುಚ್ಚುವುದನ್ನೂ ಹೇಳಿದ, ತಾವು ಕೂತಲ್ಲಿಂದಲೇ ಫೋನ್ ಮಾಡಿ ಪೆಟ್ಟಿಗೆಗಳನ್ನು ಮೊದಲೇ ತರಿಸಿದಿರಿ. ನಿನ್ನೆಯಿಂದ ಆ ಕಾರ್ಖಾನೆಗೆ ಬೀಗ. ನಮ್ಮಲ್ಲಿ ಒಂದು ನಿಮಿಷ ಕೆಲಸ ನಿಂತಿಲ್ಲ. ಇಪ್ಪತ್ತು ವರ್ಷ ನಾನು ಮಾಡಿದ ಕೆಲಸವನ್ನು ತಾವು ಒಂದೇ ಕ್ರೇಟಿನ ಮೇಲೆ ಕಲಿತಿರಿ ಎಂದು ನನಗೆ ಹೆಮ್ಮೆಯೇ ಆಯಿತು. ಆದರೆ ತಾವು ಫೋನು ಜೇಬಿಗಿಟ್ಟು, ಎದ್ದು, ಜಾಗ ಖಾಲಿ ಇರಬೇಕು ಎಂದು ಕ್ರೇಟನ್ನು ತೆಗೆಸಿದಿರಿ.

ಗುಜರಿಯವನ ಗಾಡಿ ೨೦ನೇ ತಾರೀಖು, ಶುಕ್ರವಾರ ಬೆಳಿಗ್ಗೆ ಬರುತ್ತದೆ. ಅಷ್ಟರೊಳಗೆ ಬೆಂಚು ತನ್ನ ಜಾಗಕ್ಕೆ ಬರಬೇಕು. ಅದು ಕಷ್ಟವಾದರೆ, ಲಾರಿಗಳು ಕಾಯದೆ ಬಂದು ಹೋಗುವಂತೆ ಲಾರಿಗಳಿಗೂ, ಬಿರುಕು ಬಿಡುವುದಕ್ಕೆ ಒಂದು ವಾರ ಮುಂಚೆ ಫಾರಮು ತುಂಬಿ ತಿಳಿಸುವಂತೆ ಅಚ್ಚುಗಳಿಗೂ ತಾವೇ ಆಜ್ಞೆ ಮಾಡಬೇಕಾಗಿ ವಿನಂತಿ. ನನಗೋಸ್ಕರ ಕೇಳುತ್ತಿಲ್ಲ. ನಾಲ್ಕು ತಿಂಗಳಿಗೆ ನನಗೆ ನಿವೃತ್ತಿ, ಮನೆಯಲ್ಲಿ ಕುರ್ಚಿ ಇದೆ. ನನ್ನ ಕೆಲಸಕ್ಕೆ ಬರುವವರಿಗೆ ನಾನು ಬಿಟ್ಟುಹೋಗುವಂಥದ್ದು ಆ ಬೆಂಚಿನ ಹಲಗೆ ಒಂದೇ.

ತಮ್ಮ ವಿಶ್ವಾಸಿ, ಸದ್ಯಕ್ಕೆ ನಿಂತೇ ಇರುವ,
ಸ್ಟೋರ್ ಕೀಪರ್

ತಾಜಾ ಕಲಂ: ಬೆಂಚು ಇನ್ನೂ ಇದೆಯೋ ಎಂದು ನಿನ್ನೆ ಗುಜರಿ ಅಂಗಳಕ್ಕೆ ಹೋಗಿದ್ದೆ. ಹೆಡ್ ಆಫೀಸಿನ ಕಾರಿನ ಡ್ರೈವರು ಅದರ ಮೇಲೆ ಕೂತಿದ್ದರು, ನಾನೂ ಕೂತೆ. ತಮ್ಮ ಕೊಠಡಿ ಬೇಕಾದ್ದಕ್ಕಿಂತ ದೊಡ್ಡದಾಯಿತು ಎಂದು ಅದಕ್ಕೂ ಕೆಂಪು ಚೀಟಿ ಹಚ್ಚಲು ಮೇಲಿನವರು ಬರುತ್ತಾರಂತೆ. ಯಾವ ದಿನ ಎನ್ನುವುದು ನನಗೆ ಗೊತ್ತು. ಬೆಂಚು ಬಾಗಿಲಿಗೆ ಬಂದರೆ ತಾವೂ ಬಂದು ಕೂತು ಕೇಳಬಹುದು. ೧೯ನೇ ತಾರೀಖು, ಗುರುವಾರ, ಸಂಜೆ ನಾಲ್ಕು ಗಂಟೆಯೊಳಗೆ ಉತ್ತರ ಬೇಕು.