ಬೆನ್ನ ಮೇಲಿನ ಹುರಮಂಜು

ಪುಸ್ತಕದಲ್ಲಿ ಇದ್ದದ್ದು ಲೋಕದಲ್ಲೂ ಇರುತ್ತದೆಂದು ನಂಬುವುದು ಪಾಠ ಹೇಳುವವರ ಕೆಟ್ಟ ಚಾಳಿ. ನನ್ನ ಪಾಲಿಗೆ ಲೋಕ ಮೊದಲು ಬಂತು, ಪುಸ್ತಕ ಆಮೇಲೆ. ನಮ್ಮ ಮೈಯ ಜೀವಕೋಶ ತನಗೆ ಬೇಡವಾದ ಪ್ರೋಟೀನಿಗೆ ಯುಬಿಕ್ವಿಟಿನ್ ಎಂಬ ಪುಟ್ಟ ಗುರುತು ಅಂಟಿಸುತ್ತದಂತೆ. ಇಂಥ ಗುರುತುಗಳು ಒಂದಕ್ಕೊಂದು ಅಂಟಿ ಸರಪಳಿಯಾಯಿತೋ, ಆ ಪ್ರೋಟೀನಿನ ಕತೆ ಮುಗಿಯಿತು; ಕತ್ತರಿಸುವ ಯಂತ್ರದ ಬಾಯಿಗೆ ಹೋಗುತ್ತದೆ. ತಪ್ಪಿ ಅಂಟಿದ ಗುರುತನ್ನು ಕಿತ್ತು ಉಳಿಸುವ ಕಿಣ್ವಗಳೂ ಇವೆ. ಇದನ್ನು ಓದುವಾಗ ನಾನು ನಿವೃತ್ತಿಯ ಅಂಚಿನಲ್ಲಿದ್ದೆ. ನೆನಪಾದದ್ದು ಗೌರಿ.

ಎಪ್ಪತ್ತರ ದಶಕದಲ್ಲಿ ನಾನು ಇಂಡಿ ಎಂಬ ಊರಿನಲ್ಲಿ ಜೀವಶಾಸ್ತ್ರದ ಮಾಸ್ತರ. ಪಕ್ಕದ ಮನೆಯ ಮಾಳವ್ವನದು ದೊಡ್ಡ ಕುರಿಹಿಂಡು. ತಾಯಿ ಸತ್ತ ಮರಿಯೊಂದನ್ನು ಅವಳು ನನ್ನ ಹೆಂಡತಿ ಶಾಂತಾಳ ಕೈಗಿಟ್ಟಳು. ಮಕ್ಕಳಿಲ್ಲದ ಶಾಂತಾ ಅದಕ್ಕೆ ಬಾಟಲಿಯಲ್ಲಿ ಹಾಲು ಕುಡಿಸಿದಳು, ಗೌರಿ ಎಂದು ಹೆಸರಿಟ್ಟಳು. ಹಗಲು ಗೌರಿ ಮಾಳವ್ವನ ಹಿಂಡಿನಲ್ಲೇ ಮೇಯುತ್ತಿತ್ತು. ಕುರಿ ಕೊಳ್ಳುವ ದಲಾಲಿ ಕಡಿಯಲು ಆರಿಸಿದವುಗಳ ಬೆನ್ನಿಗೆ ಹುರಮಂಜಿನ ಕೆಂಪು ಮಣ್ಣು ಬಳಿದು ಹೋಗುವುದು ರೂಢಿ. ಒಂದು ದಿನ ನೋಡುತ್ತೇವೆ, ಗೌರಿಯ ಬೆನ್ನೂ ಕೆಂಪು! ಮಾಳವ್ವ ಪಕ್ಕದೂರು ತಾಂಬಾಕ್ಕೆ ಹೋಗಿದ್ದಳು, ದಲಾಲಿಯೂ ಇರಲಿಲ್ಲ, ಲಾರಿ ಮಾತ್ರ ಬಂದು ನಿಂತಿತ್ತು. "ಇದು ನಮ್ಮದೈತೋ ತಮ್ಮಾ, ಬಿಡು" ಎಂದು ಕುರಿ ಏರಿಸುತ್ತಿದ್ದ ಹಮಾಲನಿಗೆ ಹೇಳಿದೆ. "ಕೆಂಪ ಇದ್ದದ್ದೆಲ್ಲಾ ಲಾರಿಗಿ ಹಾಕಂತ ಹೇಳ್ಯಾರ್ರಿ ಮಾಸ್ತರ. ಯಾರದಂತ ಕೇಳೂದು ನನ್ನ ಕೆಲಸಲ್ರಿ" ಎಂದ. ಶಾಂತಾ ಅಳುತ್ತಲೇ ಸಾಬೂನು ತಂದಳು. "ವಿಜ್ಞಾನ ಕಲಸೋರಲ್ರಿ ನೀವು, ತೊಳದ ತಗೀರಿ ಅದನ್ನ!"

ಉಜ್ಜಿದೆ. ಉಣ್ಣೆಗೆ ಹಿಡಿದ ಹುರಮಂಜು ಬಿಡುವುದಿಲ್ಲ, ಹರಡುತ್ತದೆ. ಬೆನ್ನ ಮೇಲಿದ್ದ ಒಂದು ಪಟ್ಟೆ ಕುತ್ತಿಗೆಗೆ, ಹೊಟ್ಟೆಗೆ, ಬಾಲಕ್ಕೆ ಇಳಿಯಿತು. ಹಿಂಡಿನಲ್ಲಿ ಗೌರಿಯಷ್ಟು ಕೆಂಪಾದ ಕುರಿ ಇನ್ನೊಂದಿರಲಿಲ್ಲ. ಕಿಣ್ವದ ಕೆಲಸಕ್ಕೆ ಹೋದವನು ಸರಪಳಿಯನ್ನೇ ಉದ್ದ ಮಾಡಿದ್ದೆ. ನೀವು ನಗಬಹುದು, ನನಗೆ ಇವತ್ತಿಗೂ ನಗು ಬರುವುದಿಲ್ಲ. ಕೊನೆಗೆ ಕುರುಬರಂತೆ ಅದನ್ನು ಹೆಗಲಿಗೇರಿಸಿಕೊಂಡು ಮನೆಯ ಕಡೆ ಓಡಿದೆ.

ಹಿಂದಿನಿಂದ ಹಮಾಲ ಕೂಗಿದ: "ಮಾಸ್ತರ, ನಿಮ್ಮ ಬೆನ್ನೂ ಕೆಂಪಾಗೇತ್ರಿ! ನೀವೂ ಏರ್ರಿ ಮತ್ತ!"

ತಮಾಷೆಗೆ ಅಂದದ್ದು. ಆದರೆ ನಾನು ತಕ್ಷಣ ಗೌರಿಯನ್ನು ಕೆಳಗಿಳಿಸಿ ಎರಡೂ ಕೈ ನನ್ನ ಬೆನ್ನಿಗೆ ಹಾಕಿದೆ. ಲಾರಿಯಲ್ಲಿದ್ದ ಕುರಿಗಳು ಒದರಿದ್ದೇ ತಡ, ಅದು ತನ್ನವರ ಕಡೆಗೆ ಓಡಿ ಲಾರಿಗೆ ಒರಗಿಸಿದ್ದ ಹಲಗೆ ಹತ್ತಿತು. "ಹಿಡೀರಿ, ಹಿಡೀರಿ ಅದನ್ನ!" ಎಂದು ಶಾಂತಾ ಚೀರುತ್ತಿದ್ದಳು. ನಾನು ಇನ್ನೂ ನನ್ನ ಬೆನ್ನು ಒರೆಸಿಕೊಳ್ಳುತ್ತಿದ್ದೆ.