ಗೋಡೆಯಾಚೆಯ ಗಿರಾಕಿ

ಸ್ವಂತ ದುಡ್ಡಿನಲ್ಲಿ ಬದನೆಕಾಯಿ ಕೊಂಡು ಮೋಸ ಹೋದರೆ ಹೆಂಡತಿಯೊಬ್ಬಳ ಮುಂದೆ ತಲೆ ತಗ್ಗಿಸಿದರೆ ಮುಗಿಯಿತು. ಕಂಪನಿಯ ದುಡ್ಡಿನಲ್ಲಿ ಮೋಸ ಹೋದರೆ ಜನರಲ್ ಮ್ಯಾನೇಜರಿಂದ ಹಿಡಿದು ಗೇಟಿನ ವಾಚ್‌ಮನ್ ತನಕ ಎಲ್ಲರ ಮುಂದೆಯೂ ತಗ್ಗಿಸಬೇಕು. ಈ ಸತ್ಯ ನನಗೆ ಮನವರಿಕೆಯಾದದ್ದು ಎಪ್ಪತ್ತರ ದಶಕದಲ್ಲಿ, ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ರೇಡಿಯೋ ಕಂಪನಿಯೊಂದರಲ್ಲಿ ಪರ್ಚೇಸ್ ಆಫೀಸರ್ ಆಗಿದ್ದಾಗ. ನಮ್ಮ ಮನೆಯಲ್ಲಿ ರೇಡಿಯೋಗಳು ಹಲಸಿನ ಹಣ್ಣಿನಂತೆ ಉರುಳಾಡುತ್ತಿರಬೇಕೆಂದು ನೆಂಟರೆಲ್ಲ ನಂಬಿದ್ದರು. ಸೋದರತ್ತೆಯೊಬ್ಬರು, “ಚಿಕ್ಕದಾದ್ರೂ ಒಂದು ಕೊಡೋ. ಹಾಡು ಬರದಿದ್ರೂ ಪರವಾಗಿಲ್ಲ, ವಾರ್ತೆ ಬಂದ್ರೆ ಸಾಕು” ಎಂದು ಕೇಳಿದ್ದೂ ಉಂಟು. ನಿಜವಾಗಿ ನಾನು ಕೊಳ್ಳುತ್ತಿದ್ದದ್ದು ರೇಡಿಯೋ ಅಲ್ಲ, ಅದರ ಹೊಟ್ಟೆಯೊಳಗಿನ ಟ್ರಾನ್ಸಿಸ್ಟರ್. ಜನ ಆಗ ಇಡೀ ರೇಡಿಯೋವನ್ನೇ ಟ್ರಾನ್ಸಿಸ್ಟರ್ ಎನ್ನುತ್ತಿದ್ದರು. ನಾನು ಹೇಳುತ್ತಿರುವುದು ಅವರೆಕಾಳಿನ ಗಾತ್ರದ, ಮೂರು ತಂತಿಕಾಲುಗಳ ಬಿಡಿಭಾಗವನ್ನು. ಒಮ್ಮೆ ಅದನ್ನು ಮನೆಗೆ ತಂದು ಹೆಂಡತಿ ಸರೋಜಳಿಗೆ ತೋರಿಸಿದೆ. ಅಂಗೈಯಲ್ಲಿಟ್ಟು ತಿರುಗಿಸಿ ನೋಡಿ, “ಇಷ್ಟಕ್ಕಾ ನೀವು ದಿನಾ ಟೈ ಕಟ್ಕೊಂಡು ಹೋಗೋದು?” ಎಂದಳು.

ಆ ವರ್ಷ ಹಬ್ಬದ ವ್ಯಾಪಾರ ಹತ್ತಿರ ಬರುವ ಹೊತ್ತಿಗೆ ಸರಿಯಾಗಿ ಟ್ರಾನ್ಸಿಸ್ಟರಿಗೆ ಬರ ಬಂತು. ಮಾಲು ಇದ್ದದ್ದು ಗೋವಿಂದರಾಜು ಎಂಬ ಏಜೆಂಟನ ಬಳಿ ಮಾತ್ರ. ಆತ ಬಂದವನೇ ಮೊದಲು ನಿಟ್ಟುಸಿರು ಬಿಡುತ್ತಿದ್ದ. ಆ ಉಸಿರಿನ ಉದ್ದ ನೋಡಿಯೇ ಬೆಲೆ ಎಷ್ಟು ಏರಿದೆಯೆಂದು ನಾನು ಅಂದಾಜು ಮಾಡುತ್ತಿದ್ದೆ. “ನಿಮಗೇ ಕೊಡೋಣ ಅಂತಿದ್ದೆ ಸಾರ್. ಆದ್ರೆ ಇನ್ನೊಂದು ದೊಡ್ಡ ಕಂಪನಿಯವರು ನಿಮಗಿಂತ ಜಾಸ್ತಿ ಹೇಳ್ತಿದಾರೆ” ಎನ್ನುತ್ತಿದ್ದ. ನಾನು ಏರಿಸುತ್ತಿದ್ದೆ. ಮುಂದಿನ ವಾರ ಅವರೂ ಏರಿಸಿರುತ್ತಿದ್ದರು. ಕೊನೆಗೆ ನಮ್ಮ ಜನರಲ್ ಮ್ಯಾನೇಜರ್ ಸಾಹೇಬರು ನನ್ನನ್ನು ಕರೆದು ಶಾಂತವಾಗಿಯೇ ಹೇಳಿದರು: “ಹೀಗಾದ್ರೆ ರೇಡಿಯೋ ಬೆಲೆ ಏರಿಸ್ಬೇಕಾಗುತ್ತೆ. ಏರಿಸಿದ್ರೆ ಯಾರೂ ಕೊಳ್ಳಲ್ಲ. ಯಾರೂ ಕೊಳ್ಳದಿದ್ರೆ ಪರ್ಚೇಸ್ ಆಫೀಸರ್ ಯಾತಕ್ಕೆ ಬೇಕು, ನೀವೇ ಹೇಳಿ.” ಅಂದಿನಿಂದ ನನಗೆ ಊಟ ಸೇರದಾಯಿತು.

ಇಲ್ಲಿ ನಮ್ಮ ಪಕ್ಕದ ಮನೆಯ ನಂಜುಂಡಯ್ಯನವರ ವಿಷಯ ಹೇಳಬೇಕು. ಅವರೂ ಪರ್ಚೇಸ್ ಆಫೀಸರೇ. ನಮಗಿಂತ ದೊಡ್ಡದಾದ ಮತ್ತೊಂದು ರೇಡಿಯೋ ಕಂಪನಿಯಲ್ಲಿ. ಖರೀದಿಯ ಗುಟ್ಟನ್ನು ಯಾರ ಬಳಿಯೂ ಬಾಯಿಬಿಡಬಾರದೆಂದು ಎರಡೂ ಕಂಪನಿಗಳಲ್ಲಿ ಕಟ್ಟಪ್ಪಣೆಯಿತ್ತು. ನಾವೋ ಪರಮ ನಿಷ್ಠರು. ಅವರು “ಆಫೀಸು ಹೇಗಿದೆ?” ಎಂದರೆ ನಾನು “ಇದ್ದಲ್ಲೇ ಇದೆ” ಎನ್ನುತ್ತಿದ್ದೆ. ಆಮೇಲೆ ಇಬ್ಬರೂ ನಲ್ಲಿಯ ನೀರು, ಅವರ ನುಗ್ಗೆಮರದ ಕಂಬಳಿಹುಳು ಇಂಥ ನಿರಪಾಯಕಾರಿ ವಿಷಯಗಳಿಗೆ ಇಳಿಯುತ್ತಿದ್ದೆವು. ನಿಮಗೆ ಅನುಮಾನವೇ ಬರಲಿಲ್ಲವೇ ಎಂದು ಕೇಳಬೇಡಿ. ಬೆಲೆ ಏರಿಸುತ್ತಿದ್ದವನು ಯಾರೋ ಸೂಟು ತೊಟ್ಟ ಬೊಂಬಾಯಿಯ ಧೂರ್ತನೆಂದು ಕಲ್ಪಿಸಿಕೊಂಡಿದ್ದೆ. ಬೆಳಗ್ಗೆ ಪಂಚೆ ಎತ್ತಿ ಕಟ್ಟಿ ಹಾಲಿನ ಬಾಟಲಿ ಹಿಡಿದು ಬರುವ ನಂಜುಂಡಯ್ಯನವರು ಆ ಚಿತ್ರಕ್ಕೆ ಹೊಂದುತ್ತಲೇ ಇರಲಿಲ್ಲ.

ಒಂದು ಸಂಜೆ ನಂಜುಂಡಯ್ಯನವರ ಹೆಂಡತಿ ಪಾರ್ವತಮ್ಮನವರ ಜೊತೆ ಹರಟಿ ಬಂದ ಸರೋಜ ಹೇಳಿದಳು: “ಪಾಪ, ನಂಜುಂಡಯ್ಯನವರಿಗೂ ಊಟ ಸೇರ್ತಿಲ್ವಂತೆ ಕಣ್ರೀ. ಯಾವನೋ ಬೇರೆ ಕಂಪನಿಯವನು ಹಟಕ್ಕೆ ಬಿದ್ದು ರೇಟು ಏರಿಸ್ತಿದಾನಂತೆ. ಅವನ ಮನೆ ಹಾಳಾಗ ಅಂತ ನಾನೂ ಪಾರ್ವತಮ್ಮನವರೂ ಚೆನ್ನಾಗಿ ಬೈದ್ವಿ.”

“ಅಂಥೋರು ಎಲ್ಲಾ ಕಡೆ ಇರ್ತಾರೆ, ಬಿಡು,” ಎಂದು ನಾನು ಸಮಾಧಾನ ಹೇಳಿದೆ.

ಮುಂದಿನ ಭಾನುವಾರ ಗೋವಿಂದರಾಜು ಸ್ಕೂಟರಿನಲ್ಲಿ ಮನೆಗೇ ಬಂದ. ನಿಟ್ಟುಸಿರು ಬಿಟ್ಟ, ಕಾಫಿ ಕುಡಿದ, “ಇದೇ ಕೊನೆ ಮಾತು” ಎಂದ. ನಾನು ಮತ್ತೆ ಏರಿಸಿದೆ. ಆತ ಹೋದ ಮೇಲೆ ಒಗ್ಗರಣೆಗೆ ಕರಿಬೇವು ಕೀಳಲು ಹಿತ್ತಲಿಗೆ ಹೋದರೆ, ಗೋಡೆಯಾಚೆಯಿಂದ ಅದೇ ನಿಟ್ಟುಸಿರು ಕೇಳಿಸಿತು. ಹಿಂದೆಯೇ, “ನಿಮಗೇ ಕೊಡೋಣ ಅಂತಿದ್ದೆ ಸಾರ್, ಆದ್ರೆ...” ನಾನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿ ಇಣುಕಿದೆ. ಹಿತ್ತಲ ಜಗಲಿಯ ಮೇಲೆ ನಂಜುಂಡಯ್ಯನವರು ತಲೆಯ ಮೇಲೆ ಕೈಹೊತ್ತು ಕೂತಿದ್ದರು.

“ಯಾರ್ರೀ ಅವನು, ಅಷ್ಟು ಕೊಡೋ ತಲೆಕೆಟ್ಟವನು?” ಎಂದರು ಅವರು.

“ನಾನೇ, ನಂಜುಂಡಯ್ಯನವರೇ,” ಎಂದೆ.

ಗೋವಿಂದರಾಜುವಿನ ಎರಡನೆಯ ಕಾಫಿ ನೆತ್ತಿಗೇರಿತು. ನಂಜುಂಡಯ್ಯನವರು ಜಗಲಿಯಿಂದೆದ್ದು ಅವನತ್ತ ತಿರುಗಿದರು. “ಅಲ್ಲಯ್ಯಾ, ಗೋಡೆ ಪಕ್ಕದಲ್ಲೇ ಈ ಆಟ ಆಡೋಕೆ ಧೈರ್ಯ ಹೇಗೆ ಬಂತು ನಿನಗೆ?”

“ಪೆಟ್ರೋಲ್ ರೇಟು ಎಷ್ಟಾಗಿದೆ ನೋಡಿದೀರಾ ಸಾರ್? ಒಂದೇ ಸುತ್ತಿನಲ್ಲಿ ಎರಡೂ ಮನೆ ಮುಗೀಲಿ ಅಂತ ಬಂದೆ. ನೀವಿಬ್ರೂ ಆಫೀಸ್ ವಿಷಯ ಮಾತಾಡಲ್ಲ ಅಂತ ನಂಬಿಕೆ ಇತ್ತು,” ಎಂದ ಆತ, ನಾವೇ ನಂಬಿಕೆದ್ರೋಹ ಮಾಡಿದೆವು ಎಂಬಂತೆ.

ಗದ್ದಲಕ್ಕೆ ಹೆಂಗಸರಿಬ್ಬರೂ ಹೊರಬಂದರು. ಸಂಗತಿ ತಿಳಿದು ಪಾರ್ವತಮ್ಮನವರು ಸೆರಗು ಬಾಯಿಗಿಟ್ಟುಕೊಂಡು, “ಅಯ್ಯೋ, ನಾವು ಬೈದಿದ್ದು ನಿಮ್ಮ ಯಜಮಾನರನ್ನೇನಾ!” ಎಂದು ನಕ್ಕರು. “ಬೈದಿದ್ದೇನೂ ವ್ಯರ್ಥ ಆಗಿಲ್ಲ ಬಿಡಿ,” ಎಂದಳು ಸರೋಜ. ಆಮೇಲೆ ವ್ಯವಹಾರ ಬೇಗ ಮುಗಿಯಿತು. ಮಾಲು ಅರ್ಧ ಅವರಿಗೆ, ಅರ್ಧ ನಮಗೆ, ಏರಾಟ ಶುರುವಾಗುವ ಮುಂಚಿನ ಬೆಲೆಗೆ. ಬೆದರಿಸಲು ಮೂರನೆಯ ಗಿರಾಕಿ ಹತ್ತಿರದಲ್ಲಿ ಯಾರೂ ಇಲ್ಲದ್ದರಿಂದ ಗೋವಿಂದರಾಜು ಒಪ್ಪಿಕೊಂಡ. ಆ ಮಧ್ಯಾಹ್ನ ಎಷ್ಟೋ ದಿನಗಳ ಮೇಲೆ ಎರಡನೆಯ ಸಲ ಅನ್ನ ಬಡಿಸಿಕೊಂಡೆ.

ಸೋಮವಾರ ಎದೆಯುಬ್ಬಿಸಿ ಸಾಹೇಬರ ಮುಂದೆ ನಿಂತು ಹೊಸ ಬೆಲೆ ಹೇಳಿದೆ. ಅವರಿಗೆ ಬಹಳ ಸಂತೋಷವಾಯಿತು. ಒಂದು ಗಳಿಗೆಯ ನಂತರ ಆ ಸಂತೋಷಕ್ಕೊಂದು ಸಂದೇಹ ಹುಟ್ಟಿತು.

“ಈ ಬೆಲೆಗೆ ಸಿಗೋದಾದ್ರೆ, ಇಷ್ಟು ದಿನ ಯಾಕ್ರೀ ಅಷ್ಟೊಂದು ಕೊಟ್ರಿ?”

ಸುಳ್ಳು ಹೊಳೆಯಲಿಲ್ಲ. “ಪಕ್ಕದ ಮನೆಯವರ ಹತ್ತಿರ ಸರಿಯಾಗಿ ಮಾತಾಡಿರಲಿಲ್ಲ ಸಾರ್,” ಎಂದು ನಡೆದದ್ದನ್ನೆಲ್ಲ ಹೇಳಿದೆ.

“ಆ ಮನೇಲಿ ಎಷ್ಟು ವರ್ಷದಿಂದ ಇದೀರಿ?”

“ಆರು ವರ್ಷ ಸಾರ್.”

ಸಾಹೇಬರು ಕನ್ನಡಕ ತೆಗೆದು ಚೆನ್ನಾಗಿ ಒರೆಸಿದರು. ಮತ್ತೆ ಹಾಕಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ದೋಷ ಗಾಜಿನದಲ್ಲ ಎಂದು ಅವರಿಗೆ ಖಾತ್ರಿಯಾದಂತೆ ಕಂಡಿತು.