ಮಾವನ ಗೋಡೆಗೆ ಒಂದು ಆಕಾಶ

ಹಿರಿಯ ಅಳಿಯ ಎಂಬ ಪದವಿಗೆ ಸಂಬಳವಿಲ್ಲ, ರಜೆಯಿಲ್ಲ. ಇರುವುದು ಮರ್ಯಾದೆಯೊಂದೇ. ಅದಕ್ಕೂ ನನ್ನ ಷಡ್ಡಕ, ಅಂದರೆ ನಾದಿನಿಯ ಗಂಡ, ಬಬಲೇಶ್ವರದ ಸತೀಶಕುಮಾರ ಕೈಹಾಕಿದ್ದ. ಕನಮಡಿಯಲ್ಲಿ ಮಾವ ಶಂಕ್ರೆಪ್ಪನವರು ಹೊಸ ಮನೆ ಕಟ್ಟಿಸಿದ್ದಾರೆ. ಪಡಸಾಲೆಯಲ್ಲಿ ಬಾಗಿಲಿಗೆ ಎದುರಾಗಿಯೇ ಒಂದು ಖಾಲಿ ಗೋಡೆ. ಅಲ್ಲಿಗೆಂದೇ ಸತೀಶಕುಮಾರ ತಾನು ಶಾಲು ಹೊದಿಸಿಕೊಂಡ ಸನ್ಮಾನದ ಫೋಟೋಗೆ ಕಟ್ಟು ಹಾಕಿಸಿ ಇಟ್ಟಿದ್ದ.

ನಾನು ಸುಮ್ಮನಿರುವುದುಂಟೆ? "ಮಾವಾರ, ಆ ಗ್ವಾಡಿಗೆ ನಕ್ಷತ್ರಲೋಕದ ಫೋಟೋ ನಾನ ತಗದು ಕೊಡ್ತೇನ್ರಿ," ಎಂದುಬಿಟ್ಟೆ.

"ಆತ್ರಿ ಅಳಿಯಂದ್ರ. ಎಳ್ಳಮಾಸಿಗೆ ಬರ್ತೀರಲ್ಲ, ಅವತ್ತ ತಗೀರಿ. ಆಗಲಿಲ್ಲಂದ್ರ ಸತೀಶಪ್ಪಂದು ಹೆಂಗೂ ಐತಿ," ಎಂದರು ಮಾವ.

ವಿಜಯಪುರದ ಗಾಂಧಿ ಚೌಕದಲ್ಲಿ ಪಾತ್ರೆ ಅಂಗಡಿ ಮುಚ್ಚಿ ಬಂದು, ಮಾಳಿಗೆಯ ಮೇಲೆ ಒಂದು ತಿಂಗಳು ತಾಲೀಮು ಮಾಡಿದೆ. ಬೀದಿದೀಪಗಳ ನಡುವೆ ಕಂಡ ನಕ್ಷತ್ರಗಳು ಮೂರು. (ಅದರಲ್ಲೊಂದು ಮೊಬೈಲ್ ಟವರಿನ ದೀಪ.) ಹೆಂಡತಿ ವಿಜಯಲಕ್ಷ್ಮೀ ಒಣಗಿದ ಬಟ್ಟೆ ತೆಗೆಯಲು ಬಂದಾಗಲೆಲ್ಲ ಉಪನ್ಯಾಸ ಕೊಡುತ್ತಿದ್ದೆ: ಕ್ಯಾಮೆರಾ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕದಲದೆ ನಿಲ್ಲಬೇಕು, ಇಪ್ಪತ್ತು ಸೆಕೆಂಡು ಅದರ ಕಣ್ಣು ತೆರೆದಿರಬೇಕು, ಸುತ್ತ ಕಗ್ಗತ್ತಲಿರಬೇಕು.

ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಬಂತು. ಹೊಲದಲ್ಲಿ ಭೂತಾಯಿಗೆ ಎಡೆಯ ಚರಗ ಚೆಲ್ಲಿ ಊಟಕ್ಕೆ ಕುಳಿತೆವು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಲೆ, ಮೇಲೆ ಶೇಂಗಾ ಹೋಳಿಗೆ. ಸತೀಶಕುಮಾರ ಐದು ಹೋಳಿಗೆ ತಿಂದ. ಅತ್ತೆ ಕಾಶಿಬಾಯಿ ನನ್ನ ಕಡೆ ತಿರುಗಿ, "ಸಣ್ಣ ಅಳಿಯಾರು ಐದು ತಿಂದಾರ್ರಿ," ಎಂದರು. ನಾನು ಏಳು ತಿಂದೆ.

ಸಂಜೆ ಏಳಕ್ಕೆಲ್ಲ ಕತ್ತಲು. ಇಷ್ಟೊಂದು ಚುಕ್ಕಿಗಳಿವೆಯೆಂದು ನನಗೆ ಗೊತ್ತೇ ಇರಲಿಲ್ಲ, ಮೈ ಜುಮ್ಮೆಂದಿತು. ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಕೂರಿಸಿ ಗುಂಡಿ ಒತ್ತಿದೆ. ಹನ್ನೆರಡನೇ ಸೆಕೆಂಡಿಗೆ ಮಾವ ಬ್ಯಾಟರಿ ಬೆಳಕು ಬಿಟ್ಟುಕೊಂಡು ಬಂದರು. "ಕತ್ತಲದಾಗ ಯಾಕ ಕುಂತೀರಿ? ಹುಳಾ ಹುಪ್ಪಡಿ ಇರ್ತಾವ!" ಮತ್ತೆ ಒತ್ತಿದೆ. ಸತೀಶಕುಮಾರ ತನ್ನ ಜೀಪಿನ ಎರಡೂ ದೀಪ ಹಚ್ಚಿ, "ಅಣ್ಣಾರ, ಬೆಳಕು ಸಾಕಾತೇನ್ರಿ?" ಎಂದ. (ಅವನು ಅಷ್ಟೇನೂ ಮುಗ್ಧನಲ್ಲ.)

"ಎಲ್ಲಾರೂ ಮನಿಗೆ ನಡ್ರಿ!" ಎಂದು ಕೂಗಿದೆ. ವಿಜಯಲಕ್ಷ್ಮೀ ಒಬ್ಬಳೇ ಉಳಿದಳು. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲೆಂದು ಐದು ನಿಮಿಷ ಕಂಬಳಿಯ ಮೇಲೆ ಒರಗಿದೆ.

ಅವಳು ಅಲುಗಾಡಿಸಿ ಎಬ್ಬಿಸಿದಾಗ ಮೋಡ ಕವಿದು ಒಂದು ಚುಕ್ಕಿಯೂ ಇರಲಿಲ್ಲ.

"ಅಯ್ಯಯ್ಯೋ, ಫೋಟೋ!"

"ತಗದೀನಿ."

"ನೀನ?"

"ಒಂದ ತಿಂಗಳ ತಲಿ ತಿಂದೀರಿ, ಅಷ್ಟೂ ಬರೂದಿಲ್ಲೇನು? ಇಪ್ಪತ್ತು ಸೆಕೆಂಡ ಕದಲಬಾರದು ಅಂದಿದ್ರಿ. ನೀವಂತೂ ಕದಲಲೇ ಇಲ್ಲ. ನಿಮ್ಮ ಹೊಟ್ಟಿ ಕಾಣವಲ್ದಾಗಿತ್ತು, ಒಂದ ಸಲ ಮೊಬೈಲ್ ಬ್ಯಾಟರಿ ಹಚ್ಚಿ ಆರಿಸಿದೆ."

ನೋಡಿದೆ. ಮೇಲೆ ರಾಶಿ ರಾಶಿ ನಕ್ಷತ್ರ. ಕೆಳಗೆ ಬಾಯಿ ತೆರೆದು ಬಿದ್ದ ನಾನು. ಫೋಟೋ ಅಷ್ಟು ಚೆನ್ನಾಗಿತ್ತೆಂದೇ ನನಗೆ ಹೊಟ್ಟೆ ಉರಿಯಿತು. ಅಳಿಸಿಬಿಡು ಎನ್ನೋಣವೆಂದರೆ ಗೋಡೆ ಸತೀಶಕುಮಾರನ ಪಾಲು. ಅದನ್ನೇ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದೆ.

ವಾಸ್ತುಶಾಂತಿಯ ದಿನ ಪಡಸಾಲೆಯ ಗೋಡೆಯ ಮೇಲೆ ನಾನಿದ್ದೆ, ನಾಲ್ಕಡಿ ಅಗಲಕ್ಕೆ. ಅತ್ತೆ ಹೊಸ ಮನೆಯ ಸಡಗರದಲ್ಲಿ ಬಾಗಿಲಿಗೂ ಕಿಟಕಿಗೂ ಕಟ್ಟಿ ಉಳಿದ ಚೆಂಡುಹೂವಿನ ಮಾಲೆಯೊಂದನ್ನು ಅದಕ್ಕೂ ಹಾಕಿದ್ದರು. ನಾನು ಚಹಾದ ತಾಟು ಹಿಡಿದು ಅತ್ತಿತ್ತ ಓಡಾಡುತ್ತಿದ್ದೆ. ಪಕ್ಕದೂರಿನ ಅಜ್ಜಿಯೊಬ್ಬಳು ಫೋಟೋದ ಮುಂದೆ ನಿಂತು, ಸೆರಗು ಸರಿಮಾಡಿಕೊಂಡು ಕೈಮುಗಿದಳು. ನನ್ನ ತೋಳು ಹಿಡಿದು ಮೆಲ್ಲಗೆ ಕೇಳಿದಳು:

"ಪಾಪ, ವಯಸ್ಸೇನ ಆಗಿಲ್ಲ. ಯಾವಾಗ ತೀರಕೊಂಡ್ರ ಯಪ್ಪಾ?"

"ಎಳ್ಳಮಾಸಿ ದಿನರೀ, ಊಟ ಆದ ಮ್ಯಾಲ," ಎಂದು ಅವಳ ಕೈಗೆ ಚಹಾ ಕೊಟ್ಟು ಮುಂದೆ ಹೋದೆ.